ಜೀವಕೋಶದ ಒಳಗೆ ಗಾಳಿ ಹೋಗಿಬರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹುಟ್ಟೂರು ಜಗಳೂರು ತಾಲೂಕಿನ ಒಂದು ಹಳ್ಳಿ. ಕಾಲೇಜಿನಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳೂ ಊರಿಗೆ ಹೋದಾಗ ಹೊಲದ ಬದುವಿನ ಮೇಲೆ ಕೂತು ಹಿರಿಯರು ಕೇಳುವ ಪ್ರಶ್ನೆಗಳೂ ಎಷ್ಟೋ ಸಲ ಒಂದೇ ಬುಡಕ್ಕೆ ಬಂದು ನಿಲ್ಲುತ್ತವೆ. ಅಂಥವನ್ನು ಇಲ್ಲಿ ಸೇರಿಸಿದ್ದೇನೆ.

ಉಸಿರಾಡುವುದು ಶ್ವಾಸಕೋಶ ಅಲ್ವಾ? ಜೀವಕೋಶದ ಮಾತು ಯಾಕೆ?

ಶ್ವಾಸಕೋಶ ಬರೀ ಹೆಬ್ಬಾಗಿಲು. ಆಮ್ಲಜನಕ ನಿಜವಾಗಿ ಖರ್ಚಾಗುವುದು ಮೈಯ ಒಂದೊಂದು ಜೀವಕೋಶದ ಒಳಗೆ, ಮೈಟೋಕಾಂಡ್ರಿಯಾ ಅನ್ನುವ ಪುಟ್ಟ ಪುಟ್ಟ ಒಲೆಗಳಲ್ಲಿ. ಸುಮ್ನೆ ಕೂತಿರುವ ದೊಡ್ಡವರ ಮೈ ಒಂದು ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ. ಹತ್ತಿರ ಹತ್ತಿರ 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕುತ್ತದೆ. ಇಷ್ಟೂ ಗಾಳಿ ಕೋಶಗಳ ಪೊರೆ ದಾಟಿಯೇ ಹೋಗಿಬರಬೇಕು.

ಹಾಗಾದರೆ ಜೀವಕೋಶ ಆಮ್ಲಜನಕವನ್ನು ಹೇಗೆ ಎಳೆದುಕೊಳ್ಳುತ್ತದೆ?

ಎಳೆದುಕೊಳ್ಳುವುದೇ ಇಲ್ಲ. ಇದೊಂದನ್ನು ಗಟ್ಟಿ ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ನಾನು ಪ್ರತಿ ವರ್ಷ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ನಡುವೆ ಸುಣ್ಣದ ಗೆರೆ. ಗೆರೆಯ ಈ ಕಡೆ ನಲವತ್ತು ಮಕ್ಕಳು, ಆ ಕಡೆ ನಾಲ್ಕೇ ಮಕ್ಕಳು. ಎಲ್ಲರ ಕಣ್ಣಿಗೂ ಕರ್ಚೀಫು ಕಟ್ಟಿ, ಮನಸ್ಸಿಗೆ ಬಂದ ಕಡೆ ಮೆಲ್ಲಗೆ ನಡೆಯಿರಿ ಅನ್ನುತ್ತೇನೆ. ಆ ಕಡೆಗೆ ಹೋಗಿ ಅಂತ ಯಾರಿಗೂ ಹೇಳುವುದಿಲ್ಲ. ಐದು ನಿಮಿಷ ಬಿಟ್ಟು ಸೀಟಿ ಊದಿ ಎಣಿಸಿದರೆ, ಎರಡೂ ಕಡೆ ಹೆಚ್ಚುಕಡಿಮೆ ಸಮ ಆಗಿರುತ್ತಾರೆ. ಗೆರೆ ದಾಟುವವರು ಎರಡೂ ಕಡೆಯಿಂದ ಇದ್ದರು. ಜಾಸ್ತಿ ಜನ ಇದ್ದ ಕಡೆಯಿಂದ ಜಾಸ್ತಿ ಜನ ದಾಟಿದರು, ಅಷ್ಟೇ.

ಗಾಳಿಯ ಅಣುಗಳು ಮಾಡುವುದೂ ಇದನ್ನೇ. ಅವಕ್ಕೆ ಗುರಿ ಇಲ್ಲ, ಬರೀ ಓಡಾಟ. ಕೋಶದ ಒಳಗೆ ಆಮ್ಲಜನಕ ಖರ್ಚಾಗುತ್ತಾ ಇರುವುದರಿಂದ ಅಲ್ಲಿ ಯಾವಾಗಲೂ ಕಡಿಮೆ. ಹೊರಗೆ ಜಾಸ್ತಿ. ಹಾಗಾಗಿ ಒಳಗೆ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಒಳಗೇ ಹುಟ್ಟುವುದರಿಂದ ಒಳಗೆ ಜಾಸ್ತಿ. ಅದು ಹೊರಗೆ ಹೋಗುತ್ತದೆ. ಇದಕ್ಕೆ ಪಾಠದ ಪುಸ್ತಕದಲ್ಲಿ ವಿಸರಣ ಅನ್ನುತ್ತಾರೆ. ಇದರ ಲೆಕ್ಕವನ್ನು 1855ರಲ್ಲಿ ಬರೆದುಕೊಟ್ಟವರು ಜರ್ಮನಿಯ ಅಡಾಲ್ಫ್ ಫಿಕ್. ಈ ದಾಟಾಟಕ್ಕೆ ಕೋಶ ಒಂದು ಕಾಸಿನ ಶಕ್ತಿಯನ್ನೂ ಖರ್ಚು ಮಾಡುವುದಿಲ್ಲ.

ಕೋಶಕ್ಕೆ ಪೊರೆ ಇದೆಯಲ್ಲ, ಅದು ಗೋಡೆಯ ಹಾಗೆ ಅಡ್ಡ ಬರುವುದಿಲ್ಲವೇ?

ಸಕ್ಕರೆಗೆ ಬರುತ್ತದೆ, ಉಪ್ಪಿಗೂ ಬರುತ್ತದೆ. ಅವು ಪೊರೆಯಲ್ಲಿರುವ ಪ್ರೋಟೀನಿನ ಬಾಗಿಲುಗಳನ್ನು ಹುಡುಕಿಕೊಂಡೇ ಒಳಗೆ ಬರಬೇಕು. ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಸಾರಜನಕ ಇವಕ್ಕೆ ಆ ತೊಂದರೆ ಇಲ್ಲ.

ಯಾಕೆ ಅಂದರೆ ಪೊರೆ ಆಗಿರುವುದು ಜಿಡ್ಡಿನಿಂದ. ಎರಡು ಪದರ ಕೊಬ್ಬು ಬೆನ್ನಿಗೆ ಬೆನ್ನು ಹಚ್ಚಿ ನಿಂತಿರುತ್ತದೆ. ಬೆಣ್ಣೆ ದೋಸೆಯ ಊರಿನವರಿಗೆ ಜಿಡ್ಡಿನ ಗುಣ ಹೇಳಿಕೊಡಬೇಕಾಗಿಲ್ಲ. ಉಪ್ಪು ನೀರಿನಲ್ಲಿ ಕರಗುತ್ತದೆ, ಬೆಣ್ಣೆಯಲ್ಲಿ ಕರಗುವುದಿಲ್ಲ. ಆಮ್ಲಜನಕದ್ದು ಉಲ್ಟಾ, ಅದು ನೀರಿಗಿಂತ ಎಣ್ಣೆ ಬೆಣ್ಣೆಯಲ್ಲೇ ಚೆನ್ನಾಗಿ ಕರಗುತ್ತದೆ. ಹಾಗಾಗಿ ಪೊರೆಯಲ್ಲಿ ಕರಗಿ ಆ ಕಡೆ ಇಳಿಯುತ್ತದೆ. ದಪ್ಪವೂ ಏನು ಮಹಾ ಇಲ್ಲ. ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಒಂದು ಪಾಲು 10 ನ್ಯಾನೋಮೀಟರ್ ಆಗುತ್ತದೆ. ಪೊರೆ ಅದಕ್ಕಿಂತಲೂ ತುಸು ತೆಳು.

ಅನಿಲಗಳಿಗೂ ಪ್ರೋಟೀನಿನ ಬಾಗಿಲು ಇರುತ್ತದೆ ಅಂತ ಎಲ್ಲೋ ಓದಿದೆ. ನಿಜವೇ?

ನೀರಿಗೆ ಬೇರೆಯೇ ಬಾಗಿಲು ಇದೆ, ಅದರ ಹೆಸರು ಆಕ್ವಾಪೋರಿನ್. ಅದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಅದೇ ಬಾಗಿಲಿನಲ್ಲಿ ಇಂಗಾಲದ ಡೈಆಕ್ಸೈಡೂ ಸ್ವಲ್ಪ ನುಸುಳುತ್ತದೆಯೇ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆದಿದೆ. ಪರೀಕ್ಷೆಗೆ ಓದುವವರು ತಲೆ ಕೆಡಿಸಿಕೊಳ್ಳಬೇಡಿ.

ಜೀವಕೋಶಗಳು ಯಾಕೆ ಅಷ್ಟೊಂದು ಚಿಕ್ಕವು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ವಿಸರಣಕ್ಕೆ ದುಡ್ಡು ಖರ್ಚಿಲ್ಲ ನಿಜ, ಆದರೆ ದೂರ ಅಂದರೆ ಆಗಿಬರುವುದಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕದ ಲೆಕ್ಕ ನೋಡಿ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗ, ಅಂದರೆ ಒಂದು ಕೋಶದಷ್ಟು ದೂರ ಸಾಗಲು ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಒಂದು ಮಿಲಿಮೀಟರಿಗೆ ಸುಮಾರು 4 ನಿಮಿಷ. ಒಂದು ಸೆಂಟಿಮೀಟರಿಗೆ ಸುಮಾರು 7 ಗಂಟೆ. ಹತ್ತು ಸೆಂಟಿಮೀಟರಿಗೆ ಹತ್ತಿರ ಹತ್ತಿರ ಒಂದು ತಿಂಗಳು. ದೂರ ಹತ್ತು ಪಟ್ಟಾದರೆ ಹೊತ್ತು ನೂರು ಪಟ್ಟಾಗುತ್ತದೆ. ಶ್ವಾಸಕೋಶದಿಂದ ಕಾಲ್ಬೆರಳಿಗೆ ಒಂದು ಮೀಟರಿಗಿಂತ ಜಾಸ್ತಿ ದೂರ. ಬರೀ ವಿಸರಣವನ್ನೇ ನಂಬಿ ಕೂತಿದ್ದರೆ ಇವತ್ತಿನ ಉಸಿರು ಅಲ್ಲಿಗೆ ಮುಟ್ಟಲು ಎಂಟು ವರ್ಷವೂ ಸಾಲದು.

ಅದಕ್ಕೇ ರಕ್ತ ಬೇಕಾಯಿತು. ದೂರದ ದಾರಿಗೆ ರಕ್ತದ ಓಟ, ಕೊನೆಯ ಕೂದಲೆಳೆಯಷ್ಟು ದಾರಿಗೆ ವಿಸರಣ. ರಕ್ತದ ಸಣ್ಣ ಕವಲುಗಳಾದ ಲೋಮನಾಳಗಳು ನಮ್ಮ ಕೋಶಗಳ ಮನೆಬಾಗಿಲಿಗೇ ಹೋಗುತ್ತವೆ. ಸ್ನಾಯು ದುಡಿಯುವಾಗ ಈ ಲೋಮನಾಳಗಳಲ್ಲಿ ರಕ್ತ ಹರಿಯುವುದು ಹೇಗೆ ಹೆಚ್ಚುತ್ತದೆ ಅಂತ ತೋರಿಸಿದ್ದಕ್ಕೆ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರಿಗೆ 1920ರಲ್ಲಿ ನೊಬೆಲ್ ಬಂತು.

ಚಿತ್ರದುರ್ಗದ ಕೋಟೆ ಹತ್ತುವಾಗ ಏದುಸಿರು ಬರುತ್ತದೆ. ಆಗ ಕೋಶಗಳಿಗೆ ಜಾಸ್ತಿ ಆಮ್ಲಜನಕ ಕಳಿಸುವವರು ಯಾರು?

ಯಾರೂ ಇಲ್ಲ. ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯುಗಳು ಆಮ್ಲಜನಕವನ್ನು ಗಬಗಬ ತಿನ್ನುತ್ತವೆ. ಒಳಗೆ ಅದು ಇನ್ನೂ ಕಡಿಮೆಯಾಗುತ್ತದೆ. ಒಳಗಿಗೂ ಹೊರಗಿಗೂ ಇರುವ ಅಂತರ ಹೆಚ್ಚಿತು, ಅದಕ್ಕೆ ತಕ್ಕಂತೆ ಒಳಬರುವುದೂ ಹೆಚ್ಚಿತು. ಗುಂಡಿ ಆಳವಾದಷ್ಟೂ ನೀರು ಜೋರಾಗಿ ನುಗ್ಗುವ ಹಾಗೆ. ಎದೆಬಡಿತ, ಏದುಸಿರು ಮಾಡುವ ಕೆಲಸ ಏನೆಂದರೆ ರಕ್ತದಲ್ಲಿ ಆಮ್ಲಜನಕ ಇಳಿಯದ ಹಾಗೆ ನೋಡಿಕೊಳ್ಳುವುದು.

ಆ ಅಂತರವನ್ನು ಡಾಕ್ಟರುಗಳು ಪಾದರಸದ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆಮ್ಲಜನಕದ ಒತ್ತಡ ಸುಮಾರು 100, ಮೈಯೆಲ್ಲ ಸುತ್ತಿ ದಣಿದು ಬಂದ ರಕ್ತದಲ್ಲಿ 40. ಇಂಗಾಲದ ಡೈಆಕ್ಸೈಡಿನದು ಬಂದ ರಕ್ತದಲ್ಲಿ 46, ಗೂಡಿನಲ್ಲಿ 40. ಈ ನಾಲ್ಕು ಅಂಕಿ ನೆನಪಿಟ್ಟುಕೊಳ್ಳಿ, ಕೆಳಗೆ ಹಗೇವಿನ ಮಾತು ಬಂದಾಗ ಬೇಕಾಗುತ್ತವೆ.

ಇಲ್ಲೇ ಇನ್ನೊಂದು ಮಾತು. ಆಮ್ಲಜನಕ ಹೊತ್ತು ತಿರುಗುವ ಕೆಂಪು ರಕ್ತಕಣದಲ್ಲಿ ಮೈಟೋಕಾಂಡ್ರಿಯಾ ಇಲ್ಲ. ಹೊತ್ತು ತಂದದ್ದರಲ್ಲಿ ಒಂದು ಅಣುವನ್ನೂ ತಾನು ಉಣ್ಣುವುದಿಲ್ಲ. ಪಾಠ ಮಾಡುವಾಗ ಪ್ರತಿ ಸಲವೂ ಈ ಜಾಗದಲ್ಲಿ ನಾನು ಒಂದು ಗಳಿಗೆ ನಿಲ್ಲುತ್ತೇನೆ.

ಹಗೇವಿಗೆ ಇಳಿದವರು ಸಾಯುತ್ತಿದ್ದರಂತೆ. ಅದರಲ್ಲಿ ಏನಿತ್ತು?

ಈಗಿನ ಮಕ್ಕಳಿಗೆ ಹಗೇವು ಗೊತ್ತಿಲ್ಲ. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಕಣಜ ಅದು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದಾದ ಬಾಯಿ, ಒಳಗೆ ಗುಡಾಣದ ಹಾಗೆ ಅಗಲ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ನಮ್ಮ ಅಜ್ಜನ ಮನೆ ಮುಂದೆ ಒಂದು ಇತ್ತು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಹಗೇವು ತೆಗೆದ ದಿನ ಅಜ್ಜ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಕಲ್ಲು ಸರಿಸಿ ಹಾಗೇ ಬಿಡುವುದು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಇಳಿಬಿಡುವುದು. ಒಂದು ಸಲ ಕಂದೀಲು ಅರ್ಧ ದಾರಿಯಲ್ಲೇ ಪುಸ್ಸನೆ ಆರಿಹೋದದ್ದನ್ನು ನಾನು ಬಗ್ಗಿ ನೋಡಿದ್ದೇನೆ. ಅಜ್ಜ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದ.

ಒಳಗೆ ಆಗಿದ್ದು ಇಷ್ಟು. ಜೋಳದ ಕಾಳು ಸತ್ತ ವಸ್ತು ಅಲ್ಲ, ಅದರೊಳಗೆ ಮೊಳಕೆಯ ಜೀವ ಇದೆ. ಮೆಲ್ಲಗೆ ಉಸಿರಾಡುತ್ತಾ ಇರುತ್ತದೆ. ಜೊತೆಗೆ ನುಸಿ, ಹುಳ, ಬೂಷ್ಟು. ತಿಂಗಳುಗಟ್ಟಲೆ ಇವೆಲ್ಲ ಸೇರಿ ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಗಾಳಿ ಕೆಟ್ಟ ಮೇಲೆ ಹುಳಗಳೇ ಉಸಿರುಕಟ್ಟಿ ಸಾಯುತ್ತವೆ, ಜೋಳ ಉಳಿಯುತ್ತದೆ. ಹಿರಿಯರು ಔಷಧಿ ಇಲ್ಲದೆ ಕಾಳು ಕಾಪಾಡಿದ್ದು ಹೀಗೆ.

ಆದರೆ ಅದೇ ಗಾಳಿಗೆ ಮನುಷ್ಯ ಇಳಿದರೆ? ಈಗ ಆ ಅಂಕಿಗಳನ್ನು ತೆಗೆಯಿರಿ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ 46 ಇದೆ. ಗಾಳಿಯಲ್ಲಿ ಅದು ನೂರಕ್ಕೆ 10 ಪಾಲು ಆಯಿತು ಅನ್ನಿ, ಅದರ ಒತ್ತಡ ಸುಮಾರು 70ಕ್ಕೆ ಹೋಗುತ್ತದೆ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅನ್ನುವ ನಿಯಮ ಬದಲಾಗುವುದಿಲ್ಲ, ದಿಕ್ಕು ಬದಲಾಗುತ್ತದೆ. ಹೊರಗೆ ಹೋಗಬೇಕಾದ್ದು ಒಳಗೆ ಬರುತ್ತದೆ. ಆಮ್ಲಜನಕದ ಕಥೆಯೂ ಅಷ್ಟೇ. ಗೂಡಿನಲ್ಲಿ ಅದು 40ಕ್ಕಿಂತ ಕೆಳಗೆ ಇಳಿದರೆ, ರಕ್ತದಲ್ಲಿ ಉಳಿದಿದ್ದ ಆಮ್ಲಜನಕ ಶ್ವಾಸಕೋಶದ ಮೂಲಕ ಹೊರಗೆ ಸೋರುತ್ತದೆ. ಒಂದೊಂದು ಉಸಿರೂ ಮೈಯಿಂದ ಆಮ್ಲಜನಕವನ್ನು ಕಿತ್ತು ಒಯ್ಯುತ್ತದೆ. ಆಮ್ಲಜನಕವೇ ಇಲ್ಲದ ಗಾಳಿಯಲ್ಲಿ ಉಸಿರಾಡಿದವನು ಉಸಿರು ಬಿಗಿಹಿಡಿದವನಿಗಿಂತ ಬೇಗ ಪ್ರಜ್ಞೆ ತಪ್ಪುತ್ತಾನೆ. ಕೂಗಲೂ ಹೊತ್ತು ಸಿಗುವುದಿಲ್ಲ.

ಹಗೇವು ಹೋದವು. ಆದರೆ ಹಾಳು ಬಾವಿ, ಶೌಚದ ಗುಂಡಿ, ಗೋಬರ್ ಗ್ಯಾಸ್ ಗುಂಡಿ ಇನ್ನೂ ಇವೆ. ದೀಪ ಉರಿಯಿತು ಅಂತ ಧೈರ್ಯ ಮಾಡಬೇಡಿ. ಇಂಗಾಲದ ಡೈಆಕ್ಸೈಡ್ ಮನುಷ್ಯನನ್ನು ಕೆಡವುವಷ್ಟು ಇದ್ದರೂ ದೀಪ ಉರಿಯಬಹುದು. ಗ್ಯಾಸ್ ಗುಂಡಿಯಲ್ಲಿ ದೀಪವೇ ಸ್ಫೋಟಕ್ಕೆ ಕಾರಣ ಆಗಬಹುದು. ಶೌಚದ ಗುಂಡಿಯ ಹೈಡ್ರೋಜನ್ ಸಲ್ಫೈಡ್ ಕೋಶದ ಒಳಗೆ ನುಗ್ಗಿ ಮೈಟೋಕಾಂಡ್ರಿಯಾದ ಕೆಲಸವನ್ನೇ ನಿಲ್ಲಿಸುತ್ತದೆ. ಒಬ್ಬರು ಬಿದ್ದರು ಅಂತ ಇನ್ನೊಬ್ಬರು ಇಳಿಯಲೇಬೇಡಿ. ಅಣ್ಣನ ಹಿಂದೆ ತಮ್ಮ ಇಳಿದು ಇಬ್ಬರೂ ಹೋಗುವುದು ಹೀಗೇ. ಅಗ್ನಿಶಾಮಕದ 101ಕ್ಕೋ 112ಕ್ಕೋ ಫೋನ್ ಮಾಡಿ.

ಚಳಿಗಾಲದಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗಬಾರದು ಅನ್ನುತ್ತಾರಲ್ಲ?

ಖಂಡಿತ ಮಲಗಬಾರದು. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಕೆಂಪು ರಕ್ತಕಣದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸೀಟು ಹಿಡಿದು ಕೂತರೆ ಏಳುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಮೋಸ ಹೋಗಿ ಸರಿಯಾಗೇ ಇದೆ ಅಂತ ತೋರಿಸುತ್ತದೆ.

ಮಳೆ ಜಾಸ್ತಿಯಾಗಿ ಮೆಕ್ಕೆಜೋಳ ಹಳದಿಯಾಯಿತು. ನೀರು ಜಾಸ್ತಿಯಾದರೆ ಬೆಳೆಗೆ ಏನು ತೊಂದರೆ?

ಬೇರಿಗೆ ಉಸಿರು ಕಟ್ಟುತ್ತದೆ. ಬೇರಿನ ಕೋಶಗಳಿಗೆ ಎಲೆಯಿಂದ ಆಮ್ಲಜನಕ ಅಷ್ಟಾಗಿ ಇಳಿದು ಬರುವುದಿಲ್ಲ, ಮಣ್ಣಿನ ಸಂದುಗಳಲ್ಲಿರುವ ಗಾಳಿಯಿಂದಲೇ ಸಿಗಬೇಕು. ನೀರು ನಿಂತರೆ ಆ ಸಂದುಗಳೆಲ್ಲ ತುಂಬಿಹೋಗುತ್ತವೆ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಇದ್ದದ್ದನ್ನು ಬೇರೂ ಮಣ್ಣಿನ ಜೀವಾಣುಗಳೂ ಬೇಗ ಮುಗಿಸುತ್ತವೆ. ಉಸಿರಿಲ್ಲದ ಬೇರು ನೀರು, ಗೊಬ್ಬರ ಯಾವುದನ್ನೂ ಎತ್ತಲಾರದು. ಮೊಣಕಾಲು ನೀರಿನಲ್ಲಿ ನಿಂತೂ ಗಿಡ ಬಾಡುತ್ತದೆ. ಎರೆಹೊಲದಲ್ಲಿ ಇದು ಜಾಸ್ತಿ, ಮಸಾರಿಯಲ್ಲಿ ಕಡಿಮೆ. ಆ ಹೊತ್ತಿನಲ್ಲಿ ಯೂರಿಯಾ ಎರಚುವುದಕ್ಕಿಂತ ಬಸಿಗಾಲುವೆ ಹೊಡೆದು ನೀರು ಹೊರಗೆ ಹಾಕುವುದು ಮೊದಲ ಕೆಲಸ. ನೆಲ ಆರಿದ ಮೇಲೆ ಎಡೆಕುಂಟೆ ಹೊಡೆದರೆ ಕಳೆ ಹೋಗುವುದರ ಜೊತೆಗೆ ಬೇರಿಗೆ ಗಾಳಿಯೂ ಸಿಗುತ್ತದೆ.

ಹಾಗಾದರೆ ಭದ್ರಾ ನಾಲೆಯ ಕೆಳಗಿನ ಭತ್ತ ಹೇಗೆ ಬದುಕುತ್ತದೆ? ಭತ್ತದ ಕಾಂಡದಲ್ಲಿ, ಬೇರಿನಲ್ಲಿ ಉದ್ದಕ್ಕೂ ಗಾಳಿಯ ಕೊಳವೆಗಳಿವೆ. ಎಲೆಯಿಂದ ಬೇರಿನವರೆಗೆ ಆಮ್ಲಜನಕ ಗಾಳಿಯ ದಾರಿಯಲ್ಲೇ ಇಳಿಯುತ್ತದೆ, ನೀರಿನ ಹಂಗೇ ಇಲ್ಲ. ತಾವರೆಯ ದಂಟು ಮುರಿದು ನೋಡಿ, ಅಂಥ ತೂತುಗಳು ಬರಿಗಣ್ಣಿಗೇ ಕಾಣುತ್ತವೆ.

ಬಿಸಿಲು ಏರಿದಾಗ ಮೆಕ್ಕೆಜೋಳದ ಎಲೆ ಸುರುಳಿ ಸುತ್ತಿಕೊಳ್ಳುವುದು ಯಾಕೆ?

ಎಲೆಯ ಮೈಮೇಲೆ ಸಾವಿರಾರು ಪತ್ರರಂಧ್ರಗಳಿವೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರಲಿ ಅಂತ ಅವು ಬಾಯಿ ತೆರೆಯಬೇಕು. ಅದೇ ಬಾಯಿಯಿಂದ ನೀರಿನ ಆವಿ ಹೊರಗೆ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಬರೀ 0.04 ಪಾಲು, ಎಲೆಯೊಳಗೆ ನೀರಿನ ಆವಿ ಧಾರಾಳ. ಒಂದು ಅಣು ಒಳಗೆ ಬರಬೇಕಾದರೆ ನೂರಾರು ನೀರಿನ ಅಣು ತೆರಬೇಕು. ನೀರು ಸಾಲದಾದಾಗ ಗಿಡ ರಂಧ್ರ ಮುಚ್ಚಿ, ಎಲೆ ಸುತ್ತಿಕೊಂಡು ಕೂರುತ್ತದೆ. ಆ ಹೊತ್ತು ಅದಕ್ಕೆ ಊಟವೂ ಕಡಿಮೆ.

ಜೋಗಿಮಟ್ಟಿ ಕಡೆ ಬಂಡೆಗಳ ನಡುವೆ ಬೆಳೆಯುವ ಪಾಪಸ್ ಕಳ್ಳಿ ಬೇರೆ ದಾರಿ ಕಂಡುಕೊಂಡಿದೆ. ತಂಪಾದ ರಾತ್ರಿ ಬಾಯಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಗಲು ಬಾಯಿ ಮುಚ್ಚಿ ಅದನ್ನೇ ಬಳಸುತ್ತದೆ.

ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆಯಂತೆ?

ಇಲ್ಲ. ಎಲೆಯಲ್ಲಿ ಆಮ್ಲಜನಕ ಹುಟ್ಟಲು ಬೆಳಕು ಬೇಕೇ ಬೇಕು. ಕತ್ತಲಲ್ಲಿ ಅರಳಿಯೂ ನಮ್ಮ ಹಾಗೆ ಆಮ್ಲಜನಕ ತೆಗೆದುಕೊಳ್ಳುತ್ತದೆ. ಹಾಗಂತ ಮರದ ಕೆಳಗೆ ಮಲಗಿದರೆ ಉಸಿರು ಕಟ್ಟುತ್ತದೆ ಅನ್ನುವುದೂ ಸುಳ್ಳು. ಬಯಲಿನಲ್ಲಿ ಮರ ಬಿಡುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ಶೇಂಗಾ ಬೇರಿನ ಗಂಟು ಕೊಯ್ದರೆ ಒಳಗೆ ಕೆಂಪಗೆ ಇರುತ್ತದೆ. ರೋಗವೇ?

ರೋಗ ಅಲ್ಲ, ಗಿಡ ಚೆನ್ನಾಗಿದೆ ಅಂತ ಅರ್ಥ. ಚಳ್ಳಕೆರೆ ಸೀಮೆಯ ರೈತರು ಇದನ್ನು ಕೇಳಿದಾಗೆಲ್ಲ ನನಗೆ ಖುಷಿ. ಆ ಗಂಟಿನೊಳಗೆ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಅವಕ್ಕೆ ಇಕ್ಕಟ್ಟು. ದುಡಿಯಲು ಆಮ್ಲಜನಕ ಬೇಕು, ಆದರೆ ಆಮ್ಲಜನಕ ಜಾಸ್ತಿಯಾದರೆ ಸಾರಜನಕ ಹಿಡಿಯುವ ಕಿಣ್ವವೇ ಕೆಟ್ಟುಹೋಗುತ್ತದೆ. ಅದಕ್ಕೆ ಗಿಡ ನಮ್ಮ ಹಿಮೋಗ್ಲೋಬಿನ್ನಿನ ದಾಯಾದಿಯಂಥ ಒಂದು ಕೆಂಪು ಪ್ರೋಟೀನ್ ಮಾಡಿಕೊಂಡಿದೆ, ಹೆಸರು ಲೆಗ್‌ಹಿಮೋಗ್ಲೋಬಿನ್. ಆಮ್ಲಜನಕವನ್ನು ಹಿಡಿದು ಹಿಡಿದು, ಅಳೆದು ತೂಗಿ ಒಳಗೆ ಬಿಡುವುದು ಅದರ ಕೆಲಸ. ಹೂ ಬಿಡುವ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಅಗೆದು, ದಪ್ಪ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಗುಲಾಬಿ ಇಲ್ಲಾ ಕೆಂಪು ಇದ್ದರೆ ಕೆಲಸ ನಡೆದಿದೆ. ಹಸಿರು, ಬೂದಿ ಬಣ್ಣ ಇದ್ದರೆ ಗಂಟು ಮುದಿಯಾಗಿದೆ.

ಕೃಷಿಹೊಂಡದಲ್ಲಿ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತವೆ. ಏನು ಮಾಡುವುದು?

ನೀರಿನಲ್ಲಿ ಆಮ್ಲಜನಕ ತೀರಿದೆ. ಒಂದು ಲೀಟರ್ ಗಾಳಿಯಲ್ಲಿ 210 ಮಿಲಿಲೀಟರ್ ಆಮ್ಲಜನಕ ಇದ್ದರೆ, ಒಂದು ಲೀಟರ್ ನೀರಿನಲ್ಲಿ ಇರುವುದು 6 ಮಿಲಿಲೀಟರಿನ ಆಸುಪಾಸು. ಕಿವಿರಿನಲ್ಲಿ ನೀರು ಒಂದು ದಿಕ್ಕಿಗೆ, ರಕ್ತ ಎದುರು ದಿಕ್ಕಿಗೆ ಹರಿಯುವುದರಿಂದ ಉದ್ದಕ್ಕೂ ಅಂತರ ಉಳಿಯುತ್ತದೆ. ಮೀನು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆದರೆ ಹಸಿರು ಪಾಚಿ ಕಟ್ಟಿದ ಹೊಂಡದಲ್ಲಿ ರಾತ್ರಿಯೆಲ್ಲ ಪಾಚಿಯೂ ಆಮ್ಲಜನಕ ತಿನ್ನುತ್ತದೆ, ಸೂರ್ಯ ಹುಟ್ಟುವ ಮುಂಚೆ ಅದು ತಳ ಮುಟ್ಟಿರುತ್ತದೆ. ಆಗ ಪಂಪಿನಿಂದ ನೀರನ್ನು ಎತ್ತರಕ್ಕೆ ಚಿಮ್ಮಿಸಿ ಹೊಂಡಕ್ಕೇ ಬೀಳಿಸಿ. ಅವತ್ತು ಮೇವು, ಸಗಣಿ ಹಾಕಬೇಡಿ.

ದೋಸೆ ಹಿಟ್ಟು ಉಬ್ಬುವುದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಅಕ್ಕಿ, ಉದ್ದು ರುಬ್ಬಿಟ್ಟ ಹಿಟ್ಟಿನಲ್ಲಿ ಲ್ಯೂಕೊನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವುಗಳ ಒಳಗೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಪೊರೆ ದಾಟಿ ಹಿಟ್ಟಿನ ನೀರಿಗೆ ಇಳಿಯುತ್ತದೆ. ನೀರು ಇನ್ನು ಸಾಕು ಅಂದಾಗ ಗುಳ್ಳೆಯಾಗುತ್ತದೆ. ಉದ್ದಿನ ಲೋಳೆ ಗುಳ್ಳೆಯನ್ನು ಹಿಡಿದಿಡುತ್ತದೆ. ಕಾವಲಿಯ ಮೇಲೆ ದೋಸೆಗೆ ಏಳುವ ಕಣ್ಣುಗಳು ಆ ಗಾಳಿಯ ಗುರುತು.

ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗಬಾರದು ಯಾಕೆ?

ಕಣ್ಣಿನ ಪಾರದರ್ಶಕ ಪಟಲಕ್ಕೆ ರಕ್ತನಾಳ ಇಲ್ಲ. ಅದರ ಕೋಶಗಳು ಹೊರಗಿನ ಗಾಳಿಯಿಂದಲೇ, ಕಣ್ಣೀರಿನ ಪದರದ ಮೂಲಕ ಆಮ್ಲಜನಕ ಪಡೆಯುತ್ತವೆ. ರೆಪ್ಪೆ ಮುಚ್ಚಿದರೆ ಅರ್ಧ ದಾರಿ ಬಂದ್, ಲೆನ್ಸೂ ಸೇರಿದರೆ ಇನ್ನೂ ಕಷ್ಟ. ಸೋಂಕಿನ ಭಯ ಬೇರೆ.

ಮನೆಯಲ್ಲೇ ಮಕ್ಕಳಿಗೆ ಇದನ್ನು ತೋರಿಸಬಹುದೇ?

ತೋರಿಸಬಹುದು. ಒಂದು ಹಿಡಿ ಹೆಸರುಕಾಳು ನೆನೆಹಾಕಿ ಮೊಳಕೆ ಬರಿಸಿ. ಅಗಲ ಬಾಯಿಯ ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮೊಳಕೆ ಕಾಳು, ಇನ್ನೊಂದಕ್ಕೆ ಅಷ್ಟೇ ಕಾಳನ್ನು ಬೇಯಿಸಿ ಆರಿಸಿ ಹಾಕಿ. ಮುಚ್ಚಳ ಬಿಗಿಯಾಗಿ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮುಚ್ಚಳ ಸರಿಸಿದ ಕೂಡಲೇ ಉರಿಯುವ ಕಡ್ಡಿಯನ್ನು ಒಳಗೆ ಹಿಡಿಯಿರಿ. ಬೇಯಿಸಿದ ಕಾಳಿನ ಬಾಟಲಿಯಲ್ಲಿ ಕಡ್ಡಿ ಉರಿಯುತ್ತಾ ಇರುತ್ತದೆ. ಮೊಳಕೆಯ ಬಾಟಲಿಯಲ್ಲಿ ಕತ್ತು ದಾಟುವಷ್ಟರಲ್ಲೇ ಆರಿಹೋಗುತ್ತದೆ, ಅಜ್ಜನ ಕಂದೀಲಿನ ಹಾಗೆ. ಬೇಯಿಸಿದ್ದನ್ನು ಜಾಸ್ತಿ ಹೊತ್ತು ಇಡಬೇಡಿ, ಹಳಸಿದರೆ ಅದರಲ್ಲೂ ಬ್ಯಾಕ್ಟೀರಿಯಾ ಉಸಿರಾಡಲು ಶುರುಮಾಡಿ ಪ್ರಯೋಗ ಕೆಡುತ್ತದೆ. ಕಡ್ಡಿಯನ್ನು ಮಕ್ಕಳ ಕೈಗೆ ಕೊಡದೆ ನೀವೇ ಹಿಡಿಯಿರಿ.